ನಾನು ಪಂಟರ್ ಆದ ವರ್ಷ

ತೊಂಬತ್ತರ ದಶಕದ ಆ ದಿನಗಳಲ್ಲಿ ಅಮೆರಿಕದ ವರ್ಜೀನಿಯಾದ ರೆಸ್ಟನ್‌ನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟಿದ್ದವು. ರೊಟ್ಟಿಗೆ ಶೇಂಗಾ ಹಿಂಡಿ ಬೇಕೆಂದರೆ ಮನೆಯಲ್ಲೇ ಕುಟ್ಟಬೇಕು, ಊರಿನವರ ದನಿ ಕೇಳಬೇಕೆಂದರೆ ಫೋನ್ ದರ ಇಳಿಯುವ ಭಾನುವಾರದವರೆಗೆ ಕಾಯಬೇಕು. ಹೈಸ್ಕೂಲ್ ಹುಡುಗನ ಆಟ ದೂರದ ಕಾಲೇಜಿನ ಕೋಚ್ ಕಣ್ಣಿಗೆ ಬೀಳಬೇಕೆಂದರೆ ವಿಡಿಯೊ ಕ್ಯಾಸೆಟ್ ಮಾಡಿ ಅಂಚೆಗೆ ಹಾಕಬೇಕು. ನನ್ನ ಕ್ಯಾಸೆಟ್ ಮಾಡಿದವನು ಅಪ್ಪ. ಆ ಕಥೆಗೆ ಮೊದಲು ನಾನು ಅಮೆರಿಕನ್ ಫುಟ್‌ಬಾಲಿಗೆ ಸೇರಿದ್ದು ಹೇಗೆಂದು ಹೇಳಬೇಕು.

ಹುಬ್ಬಳ್ಳಿಯಿಂದ ಬಂದಾಗ ನನಗೆ ಆರು ವರ್ಷ. ಬಂದ ಮೇಲೆ ಆಡಿದ್ದೆಲ್ಲ ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್, ಅದರಲ್ಲೂ ಗೋಲ್‌ಕೀಪರ್. ಹಿಡಿದ ಚೆಂಡನ್ನು ಕೈಯಿಂದ ಬಿಟ್ಟು, ನೆಲ ಮುಟ್ಟುವ ಮೊದಲೇ ಒದ್ದು ಮೈದಾನದ ಆಚೆ ತುದಿಗೆ ಕಳಿಸುವುದೆಂದರೆ ನನಗೆ ಎಲ್ಲಿಲ್ಲದ ಖುಷಿ. ಒಂದು ಸಂಜೆ ಪಕ್ಕದ ಮೈದಾನದಲ್ಲಿದ್ದ ಅಮೆರಿಕನ್ ಫುಟ್‌ಬಾಲ್ ಕೋಚ್ ಅದನ್ನು ನೋಡಿ, ಮೊಟ್ಟೆಯಾಕಾರದ ತನ್ನ ಚೆಂಡನ್ನು ತಂದು ನನ್ನ ಕೈಗಿಟ್ಟ. ಮೊದಲ ಒದೆತಕ್ಕೆ ಅದು ಅಡ್ಡಡ್ಡ ಹಾರಿ ಪಾರ್ಕಿಂಗ್ ಲಾಟಿಗೆ ಬಿತ್ತು. ಎರಡನೆಯದೂ ಅಷ್ಟೆ. ಮೂರನೆಯದು ಮಾತ್ರ ಏರಿತು ನೋಡಿ, ಇಳಿಯುವುದೇ ಮರೆತುಹೋಯಿತೇನೋ ಅನ್ನುವಷ್ಟು ಏರಿತು. ಮರುದಿನದಿಂದ ನಾನು ಅವರ ತಂಡದಲ್ಲಿದ್ದೆ.

"ಏನಂತ ಕರೀತಾರ ನಿನ್ನ?" ಊಟಕ್ಕೆ ಕೂತಾಗ ಅಪ್ಪ ಕೇಳಿದ.

"ಪಂಟರ್."

ಅಪ್ಪ ರೊಟ್ಟಿ ಕೆಳಗಿಟ್ಟು ನಕ್ಕ. ನಮ್ಮ ಹುಬ್ಬಳ್ಳಿ ಕಡೆ ಪಂಟರ್ ಅಂದರೆ ಎಲ್ಲದರಲ್ಲೂ ಚಾಲಾಕಿ, ಯಾರ ಕೈಗೂ ಸಿಗದವನು. "ಕೇಳಿದೇನು? ನಿನ್ನ ಮಗ ಪಂಟರ್ ಆಗ್ಯಾನಂತ!" ಎಂದು ಅವ್ವನಿಗೆ ಕೂಗಿ ಹೇಳಿದ.

ನಾನು ಆಟ ವಿವರಿಸಿದೆ. ನಮ್ಮ ತಂಡಕ್ಕೆ ಮೂರು ಸಲ ಯತ್ನಿಸಿಯೂ ಮುಂದೆ ಸಾಗಲು ಆಗದಿದ್ದರೆ ನಾನು ಓಡಿಬಂದು ಚೆಂಡನ್ನು ಎದುರಾಳಿಗಳ ಕಡೆ ಆದಷ್ಟು ದೂರ, ಆದಷ್ಟು ಎತ್ತರಕ್ಕೆ ಒದೆಯಬೇಕು. ಅದು ಗಾಳಿಯಲ್ಲಿದ್ದಷ್ಟು ಹೊತ್ತು ನಮ್ಮವರಿಗೆ ಓಡಿ ಹೋಗಿ ಅವರನ್ನು ತಡೆಯಲು ಸಮಯ ಸಿಗುತ್ತದೆ.

"ಅಂದ್ರ ನಿಮ್ಮವ್ರ ಕೈಲೆ ಏನೂ ಆಗಲಿಲ್ಲಂದ್ರ ನಿನ್ನ ಕರೀತಾರ."

"ಹಾಂ, ಬೇಸಿಕಲಿ ಅಷ್ಟೇ."

"ಹಂಗಾದ್ರ ಭಾಳ ಜವಾಬ್ದಾರಿ ಕೆಲಸ ಬಿಡು," ಅಂದಳು ಅವ್ವ, ಇನ್ನೊಂದು ರೊಟ್ಟಿ ಹಾಕುತ್ತ.

ಆ ಸೀಸನ್ನಿನ ಶುಕ್ರವಾರದ ಸಂಜೆಗಳು ಇವತ್ತಿಗೂ ಮೂಗಿನಲ್ಲಿವೆ: ಒದ್ದೆ ಹುಲ್ಲು, ಪಾಪ್‌ಕಾರ್ನಿನ ಬೆಣ್ಣೆ, ಕಾಲಿಗೆ ಹಚ್ಚಿಕೊಂಡ ಮುಲಾಮು. ಕೊನೆಯ ಸಾಲಿನ ಬೆಂಚಿನ ಮೇಲೆ ಅಪ್ಪ ಕ್ಯಾಮ್‌ಕಾರ್ಡರ್ ಹೆಗಲಿಗೇರಿಸಿ ನಿಂತಿರುತ್ತಿದ್ದ. ಪಕ್ಕದಲ್ಲಿ ಅವ್ವ, ಎರಡು ಸ್ವೆಟರ್, ಮೇಲೊಂದು ಶಾಲು.

ಇನ್ನೊಂದು ವರ್ಷ ಕಳೆದರೆ ಕಾಲೇಜು. ಪಂಟರ್‌ಗಳನ್ನು ಕಾಲೇಜುಗಳು ಸ್ಕಾಲರ್‌ಶಿಪ್ ಕೊಟ್ಟು ಸುಲಭಕ್ಕೆ ಕರೆಯುವುದಿಲ್ಲ. ತಂಡಕ್ಕೊಬ್ಬ ಸಾಕು, ಅವನಿದ್ದರೆ ನಾಲ್ಕು ವರ್ಷ ಇನ್ನೊಬ್ಬ ಬೇಕಾಗುವುದಿಲ್ಲ. ಇದನ್ನು ಕೇಳಿದ ಮೇಲಂತೂ ನನಗೆ ಅದೊಂದೇ ಧ್ಯಾನ. ಅಪ್ಪ ಎರಡು ವಿಸಿಆರ್ ಜೋಡಿಸಿ ಕ್ಯಾಸೆಟ್ ಪ್ರತಿ ಮಾಡಿದ. ನಾನು ನೋಡುವ ಮೊದಲೇ ವರ್ಜೀನಿಯಾದಿಂದ ಜಾರ್ಜಿಯಾದವರೆಗಿನ ಕಾಲೇಜುಗಳಿಗೆಲ್ಲ ಕಳಿಸಿಯೂ ಬಿಟ್ಟ. ಆಮೇಲೆ ಉಳಿದ ಪ್ರತಿ ಹಾಕಿ ನೋಡಿದರೆ, ಮೊದಲಿಗೆ ಬಂದದ್ದು ನಮ್ಮ ಮನೆಯ ಗಣೇಶ ಚೌತಿ! ಆರತಿ, ಅವ್ವ ಮಿರ್ಚಿ ಭಜಿ ಕರಿಯುವುದು, ಯಾರದೋ ಮಗು ಅಳುವುದು, ಎಲ್ಲ ಮುಗಿದ ಮೇಲೆ ನಾನು. ಚೆಂಡು ಏರಿದಾಗಲೆಲ್ಲ ಹಿಂದಿನಿಂದ ಅಪ್ಪನ ದನಿ: "ಹೋತು, ಹೋತು, ಇನ್ನೂ ಮ್ಯಾಲ ಐತಿ, ಭಲೇ ಮಗನ!"

"ಅಪ್ಪಾ! ಕೋಚಸ್ ಎಲ್ಲಾರೂ ಇದನ್ನ ನೋಡ್ತಾರ! ವೈ ವುಡ್ ಯೂ ಡೂ ದಿಸ್?"

"ಟೇಪ್ ಖಾಲಿ ಐತಿ ಅಂತ ತಿಳದಿದ್ನೋ," ಅಂದ ಅಪ್ಪ, ಮುಖ ಸಣ್ಣದು ಮಾಡಿಕೊಂಡು.

ನಾನು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಯಾವ ಕಾಲೇಜಿನಿಂದಲೂ ಫೋನ್ ಬರಲಿಲ್ಲ.

ಆ ಬೇಸಿಗೆಯಲ್ಲಿ ಅಟ್ಲಾಂಟಾ ಹತ್ತಿರ ಚೆಂಡು ಒದೆಯುವವರಿಗೆ, ಅಂದರೆ ಕಿಕ್ಕರ್, ಪಂಟರ್‌ಗಳಿಗಾಗಿಯೇ ಒಂದು ಶಿಬಿರವಿತ್ತು. ಕೋಚ್‌ಗಳು ಅಲ್ಲಿಗೇ ಬಂದು ಹುಡುಗರನ್ನು ನೋಡುತ್ತಾರೆಂದು ಸುದ್ದಿ. ಅಪ್ಪ ಆಫೀಸಿಗೆ ರಜೆ ಹಾಕಿ, ಇಡೀ ದಿನದ ದಾರಿ, ಕಾರಿನಲ್ಲೇ ಹೋಗೋಣವೆಂದ. ಅವ್ವ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಟ್ಟಳು. ಮೊದಲ ಕೆಲವು ಗಂಟೆ ನಾನು ವಾಕ್‌ಮನ್ ಕಿವಿಗೆ ಹಾಕಿಕೊಂಡಿದ್ದೆ, ಅಪ್ಪ ರಸ್ತೆ ನೋಡುತ್ತಿದ್ದ. ದಕ್ಷಿಣ ಕ್ಯಾರೊಲಿನಾ ದಾಟುವಾಗ ರಸ್ತೆ ಬದಿಯಲ್ಲಿ ಒಬ್ಬ ಮುದುಕ ದೊಡ್ಡ ಹಂಡೆಯಲ್ಲಿ ಏನನ್ನೋ ಕುದಿಸುತ್ತಿದ್ದ. ಹಸಿ ಶೇಂಗಾ, ಉಪ್ಪುನೀರಲ್ಲಿ ಕುದಿಸಿದ್ದು. ಅಪ್ಪನ ಮುಖ ಅರಳಿಬಿಟ್ಟಿತು.

"ಲೇ ಬಸೂ, ಇದು ನಮ್ಮ ಶೇಂಗಾ! ಇಲ್ಲೂ ಹಿಂಗ ಕುದಸ್ತಾರಲ್ಲೋ!"

ಕಾರಿನ ಬಾನೆಟ್ಟಿಗೆ ಒರಗಿ ಬಿಸಿಬಿಸಿ ಕಾಯಿ ಸುಲಿದು ತಿಂದೆವು. ಉಪ್ಪುನೀರು ಮೊಣಕೈವರೆಗೆ ಇಳಿಯುತ್ತಿತ್ತು. ಮತ್ತೆ ಕಾರು ಹತ್ತಿದ ಮೇಲೆ ಅಪ್ಪನ ಬಾಯಿ ಬಿಚ್ಚಿತು. ಕಾಲೇಜಿನಲ್ಲಿ ಪರೀಕ್ಷೆ ಮುಂದಿಟ್ಟುಕೊಂಡು ಕುಸ್ತಿ ನೋಡಲು ಹೋಗಿದ್ದು, ಅಖಾಡದ ಕೆಮ್ಮಣ್ಣು ಅಂಗಿಗೆ ಮೆತ್ತಿ ಅಜ್ಜನಿಗೆ ಗೊತ್ತಾಗಿದ್ದು, ತಾನೂ ಒಂದು ವರ್ಷ ಗರಡಿಯಲ್ಲಿ ಸಾಮು ಮಾಡಿದ್ದು. ಅಪ್ಪನಿಗೂ ಒಂದು ಕಾಲದಲ್ಲಿ ಹದಿನೇಳು ವರ್ಷ ಇತ್ತು ಅನ್ನುವುದು ನನಗೆ ಅವತ್ತೇ ಹೊಳೆದದ್ದು.

ರಾತ್ರಿ ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ನಲ್ಲಿ ಅಪ್ಪನ ಗೆಳೆಯ ಗುರು ಅಂಕಲ್ ಮನೆಯಲ್ಲಿ ಉಳಿದು ಮರುದಿನ ಶಿಬಿರಕ್ಕೆ ಹೋದೆವು. ಸಾಲುಸಾಲು ಹುಡುಗರು, ನನಗಿಂತ ಎತ್ತರದವರು, ದಪ್ಪ ತೊಡೆಯವರು. ಎದುರಿಗೆ ಸ್ಟಾಪ್‌ವಾಚ್ ಹಿಡಿದ ಕೋಚ್‌ಗಳು. ಮೊದಲ ದಿನ ನನ್ನ ಒದೆತಗಳೆಲ್ಲ ಅಡ್ಡಾದಿಡ್ಡಿ. ಒಂದಂತೂ ನೀರಿನ ಡ್ರಮ್ಮಿಗೆ ಬಡಿಯಿತು. ಸಂಜೆ ಕಾರಿನಲ್ಲಿ ಅಳು ತಡೆದುಕೊಂಡು ಕೂತಿದ್ದೆ.

"ನೀ ಸಿಟ್ಟಿಲೆ ಒದ್ಯಾಕತ್ತಿ," ಅಂದ ಅಪ್ಪ. "ಗೋಲ್‌ಕೀಪರ್ ಇದ್ದಾಗ ಹಿಂಗ ಒದೀತಿದ್ದಿಲ್ಲ. ಆಗ ಚೆಂಡು ಬಿಡೋ ಕೈ ಎಷ್ಟು ಹಗುರ ಇರ್ತಿತ್ತು!"

ವರ್ಷವಿಡೀ ಕ್ಯಾಮೆರಾದಲ್ಲಿ ನನ್ನನ್ನೇ ನೋಡಿದ್ದ ಕಣ್ಣು ಅದು. ಮರುದಿನ ನಾನು ದೂರದ ಬಗ್ಗೆ ಯೋಚಿಸದೆ ಕೈ ಹಗುರ ಬಿಟ್ಟೆ. ಚೆಂಡು ಏರಿತು. ಅದರ ಮುಂದಿನದೂ ಏರಿತು. ಶಿಬಿರ ಮುಗಿದಾಗ ಟೊಪ್ಪಿಗೆ ಹಾಕಿದ ಒಬ್ಬ ನಡುವಯಸ್ಸಿನ ಕೋಚ್ ನನ್ನ ಬಳಿ ಬಂದ. ಉತ್ತರ ಕ್ಯಾರೊಲಿನಾದ ಬೆಟ್ಟಗಳ ನಡುವಿನ ಒಂದು ಸಣ್ಣ ಕಾಲೇಜಿನವನು.

"ನೀನು ಆ ಟೇಪಿನ ಹುಡುಗ ಅಲ್ಲವಾ? ಬೇರೆಯವರ ಟೇಪ್ ಒಂದು ನಿಮಿಷಕ್ಕೇ ತೆಗೆದುಬಿಡ್ತೀನಿ. ನಿನ್ನದರಲ್ಲಿ ಚೆಂಡು ಯಾವಾಗ ಬರುತ್ತೆ ಅಂತ ಕಾದು ಕೂತೆ. ನನ್ನ ಹೆಂಡತಿಯನ್ನೂ ಕರೆದು ತೋರಿಸಿದೆ," ಎಂದು ನಕ್ಕ. ಬೇಲಿಯಾಚೆ ನಿಂತಿದ್ದ ಅಪ್ಪನನ್ನು ನಾನು ನೋಡಿದೆ. ಅಪ್ಪ ಆಕಾಶ ನೋಡುತ್ತಿದ್ದ.

ಚಳಿಗಾಲದಲ್ಲಿ ಆ ಕೋಚ್ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಅವ್ವನಿಗೆ ಮಾತುಮಾತಿಗೂ ಮ್ಯಾಮ್ ಎನ್ನುತ್ತ, ಭಜಿಯ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿದರೂ ಮತ್ತೊಂದು ಕೇಳಿ ತಿಂದ. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದ: ಸ್ಕಾಲರ್‌ಶಿಪ್ ಇರುವುದು ಒಂದೇ, ಶಾರ್ಲೆಟ್ ಕಡೆಯ ಒಬ್ಬ ಹುಡುಗನನ್ನು ಮೊದಲು ಕೇಳಿದ್ದೇವೆ, ಅವನು ಬೇಡವೆಂದರೆ ನೀನು.

"ನಿಮ್ಮಲ್ಲಿ ಎಂಜಿನಿಯರಿಂಗ್ ಇದೆಯೇ?" ಅಪ್ಪ ಕೇಳಿದ.

"ಇಲ್ಲ ಸರ್. ಭೌತಶಾಸ್ತ್ರ ಇದೆ. ಚೆನ್ನಾಗಿದೆ."

ಕೋಚ್ ಹೋದ ಮೇಲೆ ಅಪ್ಪ ಅವನು ಬಿಟ್ಟುಹೋದ ಕಾಲೇಜಿನ ಪುಸ್ತಿಕೆಯನ್ನು ಎಷ್ಟೋ ಹೊತ್ತು ತಿರುವಿಹಾಕಿದ. ರೆಸ್ಟನ್ನಿನ ಅಷ್ಟೂ ಅಂಕಲ್‌ಗಳ ಮಕ್ಕಳು ಎಂಜಿನಿಯರಿಂಗಿಗೇ ಹೋಗುತ್ತಿದ್ದರು. ಕಡೆಗೆ ಅವ್ವನೇ ಕೇಳಿದಳು, "ಏನ್ ವಿಚಾರ ಮಾಡಾಕತ್ತೀರಿ?"

"ಏನಿಲ್ಲ. ಸಾಮು ಮಾಡೂ ಮುಂದ ನನಗ ಯಾರೂ ಬಾ ಅಂತ ಕರೀಲಿಲ್ಲ. ಇವನ್ನ ಕರದ್ರ ಕಳಸೋದಽ," ಅಂದ ಅಪ್ಪ.

ಫೆಬ್ರವರಿಯ ಒಂದು ಸಂಜೆ ಫೋನ್ ಬಂತು. ಶಾರ್ಲೆಟ್ ಹುಡುಗ ದೊಡ್ಡ ಕಾಲೇಜೊಂದಕ್ಕೆ ಹೊರಟಿದ್ದ. ನಾನು ಅಡುಗೆಮನೆಯಲ್ಲೇ ಕುಣಿದೆ. ಆಮೇಲೆ ಯಾಕೋ ಮನಸ್ಸು ಚಿಕ್ಕದಾಗಿ, "ಅವ್ವಾ, ಐ ವಾಸ್ ದೇರ್ ಸೆಕೆಂಡ್ ಚಾಯ್ಸ್," ಅಂದೆ.

"ಇರವಲ್ದ್ಯಾಕ," ಅಂದಳು ಅವ್ವ, ನನ್ನ ಬಾಯಿಗೆ ಸಕ್ಕರೆ ಹಾಕುತ್ತ. "ಹ್ವಾದ ಮ್ಯಾಲ ಅಲ್ಲೇನು ಹಣಿಮ್ಯಾಲ ಬರದಿರ್ತಾರ?"

ನಾಲ್ಕು ವರ್ಷ ಆ ಬೆಟ್ಟಗಳ ನಡುವೆ ಆಡಿದೆ, ಭೌತಶಾಸ್ತ್ರ ಓದಿದೆ, ಈಗ ಉತ್ತರ ಕ್ಯಾರೊಲಿನಾದ ಏಪೆಕ್ಸ್‌ನಲ್ಲಿ ಮೇಷ್ಟರ ಕೆಲಸ. ಪಕ್ಕದ ಮನೆಯ ತೆಲುಗರ ಹುಡುಗ ಕಿಕ್ಕರ್. ನನಗಿಂತ ಗಟ್ಟಿ ಕಾಲು. ಮಧ್ಯಾಹ್ನ ಒದ್ದದ್ದರ ವಿಡಿಯೊ ಸಂಜೆಯೊಳಗೆ ಅಷ್ಟೂ ಕೋಚ್‌ಗಳ ಫೋನಿನಲ್ಲಿರುತ್ತದೆ. ಕ್ಯಾಮೆರಾವನ್ನು ತಾನೇ ಕಂಬಕ್ಕೆ ಕಟ್ಟಿಕೊಳ್ಳುತ್ತಾನೆ. ಅನುಕೂಲವೇ, ಆ ಕಾಲದಲ್ಲಿ ಇದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಹೋದ ವರ್ಷ ಕಮ್ಮಿಂಗ್‌ನಿಂದ ಗುರು ಅಂಕಲ್ ಮೊಮ್ಮಗನ ನಾಮಕರಣಕ್ಕೆ ಕರೆ ಬಂತು. ಅಪ್ಪ ಆಗ ನನ್ನ ಮನೆಯಲ್ಲಿದ್ದ. "ಕಾರಿನಾಗ ಹೋಗೂಣೇನು ಅಪ್ಪಾ, ನಾವಿಬ್ಬರ?" ಎಂದು ಕೇಳಿದೆ.

"ವಿಮಾನದಾಗ ಒಂದೂವರಿ ತಾಸಿನ ದಾರಿ," ಅಂದ ಅಪ್ಪ, ಮೊಣಕಾಲು ನೀವಿಕೊಳ್ಳುತ್ತ. "ಅಷ್ಟೊತ್ತು ಕಾರಿನಾಗ ಕೂತು ಏನ್ ಮಾಡ್ತಿಯೋ?"

ವಿಮಾನದಲ್ಲೇ ಹೋದೆವು. ಅಪ್ಪ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದ. ನಾವು ಶೇಂಗಾ ತಿಂದಿದ್ದ ದಕ್ಷಿಣ ಕ್ಯಾರೊಲಿನಾ ಯಾವಾಗ ದಾಟಿತೋ ಗೊತ್ತಾಗಲಿಲ್ಲ.