ಉಗುರಿಗೆ ತಾಗದ ಗೀಟು

ಅಂದು ಬೆಳಿಗ್ಗೆ ಇವರು ಆರು ಗಾಜು ತಂದರು. ಐದನ್ನು ದಾರದಲ್ಲಿ ಕಟ್ಟಿದ್ದರು, ಒಂದನ್ನು ತಮ್ಮ ಟವೆಲಿನಲ್ಲಿ ಸುತ್ತಿದ್ದರು. ಗೋಡೆಗೆ ಒರಗಿಸಿ, ತಿಂಡಿ ತಿಂದು ಮಲಗಿದರು.

ನನ್ನ ಯಜಮಾನರದು ನಕ್ಷತ್ರ ನೋಡುವ ಕಚೇರಿಯಲ್ಲಿ ಕೆಲಸ. ಅಲ್ಲಿ ದೂರದರ್ಶಕದ ಹಿಂದೆ ಗಾಜಿನ ಹಲಗೆ ಇಟ್ಟು ಆಕಾಶದ ಫೋಟೋ ತೆಗೆಯುತ್ತಿದ್ದರು. ಅದನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಜೋಡಿಸಿಡುವುದು ಇವರ ಪಾಲು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದರು. ಬೆರಳ ತುದಿಯೆಲ್ಲ ಕಂದಿಹೋಗಿತ್ತು. ಮೋಡ ಬಂದು ಕೆಟ್ಟ ಗಾಜನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿದರೆ ಚಿತ್ರ ಮೂಡಿದ ಮೇಲಿನ ಪೊರೆ ಸುಲಿದು ಬರುತ್ತದೆ, ಬರೀ ಗಾಜು ಉಳಿಯುತ್ತದೆ. ನಮ್ಮ ಸಾಲಿನ ಮನೆಗಳ ಕಿಟಕಿಗಳೆಲ್ಲ ಅಂಥವೇ.

ಆ ವಾರವೆಲ್ಲ ಇವರ ಬಾಯಲ್ಲಿ ಒಂದೇ ಮಾತು. ಎರಡು ರಾತ್ರಿಯ ಗಾಜಿನಲ್ಲಿ ಎಳ್ಳಿಗಿಂತ ಸಣ್ಣ ಗೀಟು ಕಂಡಿದ್ದರಂತೆ. ನಕ್ಷತ್ರವಾದರೆ ಚುಕ್ಕಿಯಾಗಿ ನಿಲ್ಲುತ್ತದೆ, ಇದು ಸರಿದಿದೆ, ಅಂದರೆ ಪುಟ್ಟ ಗ್ರಹ, ಮಂಗಳನಿಗೂ ಗುರುವಿಗೂ ನಡುವೆ ಸೂರ್ಯನನ್ನು ಸುತ್ತುವ ಬಂಡೆ ಎಂದರು. ಒಂದು ಸುತ್ತಿಗೆ ನಾಲ್ಕು ವರ್ಷವಾದರೂ ಬೇಕಂತೆ. ಕಚೇರಿಯ ಸಾಹೇಬರು ಎರಡನೆಯ ಗಾಜು ನೋಡಿ, ಮೋಡ ಕವಿದಿದೆ, ಅದು ಗ್ರಹವೂ ಅಲ್ಲ ಗಿಹವೂ ಅಲ್ಲ, ಬರೀ ಗೀರು, ಬಿಸಾಡು ಎಂದಿದ್ದರು.

“ಗೀರಾದ್ರೆ ಉಗುರಿಗೆ ತಾಗ್ಬೇಕಲ್ವಾ? ಇದು ತಾಗಲ್ಲ.”

ಇವರು ಹೀಗೆ ವಾದ ಮಾಡಿದ್ದು ನನ್ನ ಹತ್ತಿರ. ಸಾಹೇಬರ ಎದುರು ಬಾಯಿರಲಿಲ್ಲ.

ಮೊದಲು ಕಂಡವರೇ ಹೆಸರಿಡಬಹುದು ಎಂದಾಗ, ಏನಿಡ್ತೀರಿ ಎಂದು ಕೇಳಿದೆ.

“ನಿನ್ನದೇ ಕಣೇ. ಅದೂ ನಿನ್ನ ಹಾಗೇ, ಎಷ್ಟು ಸುತ್ತಿದ್ರೂ ಹೊರಟಲ್ಲಿಗೇ ಬರುತ್ತೆ.”

ಇಷ್ಟೆಲ್ಲ ಹೇಳಿದವರು ಆ ಗಾಜನ್ನು ಮನೆಗೆ ತಂದಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ಟವೆಲಿನಲ್ಲಿ ಸುತ್ತಿದ್ದಾರೆ ಎಂದರೆ ಬಿರುಕಿಲ್ಲದ ಒಳ್ಳೆಯ ಗಾಜು ಎಂದುಕೊಂಡೆ. ಅಡುಗೆಮನೆ ಕಿಟಕಿ ಒಡೆದು ತಿಂಗಳಾಗಿತ್ತು. ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ ಎನ್ನುತ್ತಲೇ ಇದ್ದರು. ಸಂಜೆ ಇವರು ಕೆಲಸಕ್ಕೆ ಹೋದ ಮೇಲೆ ಅದನ್ನೇ ಮೊದಲು ನೆನೆಸಿದೆ. ಪೊರೆ ಕೈಗೆ ಬಂತು. ಬಚ್ಚಲಿಗೆ ಚೆಲ್ಲಿದೆ. ಸಣ್ಣ ಮೊಳೆ ಹೊಡೆದು ಗಾಜನ್ನು ಚೌಕಟ್ಟಿಗೆ ಕೂರಿಸಿದೆ. ಬೆಳಿಗ್ಗೆ ಬಂದು ನೋಡಲಿ ಎಂದು.

ಬೆಳಿಗ್ಗೆ ಇವರು ಬರಲಿಲ್ಲ. ದೂರದರ್ಶಕದ ಮೇಲಿನ ಗುಮ್ಮಟದ ಬಾಗಿಲು ಸಿಕ್ಕಿಕೊಂಡಿತ್ತಂತೆ, ಬಿಡಿಸಲು ಏಣಿ ಹತ್ತಿದ್ದರಂತೆ, ಬಿದ್ದವರು ಮತ್ತೆ ಏಳಲಿಲ್ಲವಂತೆ. ಹೇಳಲು ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದರು.

ಒಂದೂವರೆ ವರ್ಷದ ಮೇಲೆ ಸಾಹೇಬರು ಮನೆಗೆ ಬಂದರು. ಬೇರೆ ದೇಶದವರು ಒಂದು ಪುಟ್ಟ ಗ್ರಹ ಕಂಡುಹಿಡಿದಿದ್ದರು. ಅದರ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ನೋಡಿದರೆ, ಇವರ ಮೊದಲ ಗಾಜಿನಲ್ಲಿ ಗೀಟು ಇದ್ದ ಕಡೆಗೇ ಹೋಗಿ ನಿಲ್ಲುತ್ತದಂತೆ. ಆ ಗಾಜು ಕಚೇರಿಯಲ್ಲಿದೆ. ಆದರೆ ಒಂದೇ ರಾತ್ರಿಯದು ಸಾಕಾಗದು. ಎರಡನೆಯದೂ ಸಿಕ್ಕರೆ ಮೊದಲು ಕಂಡವರು ಇವರೇ ಎಂದು ಬರೆದು ಕೇಳಬಹುದು, ಹೆಸರಿಡುವ ಹಕ್ಕನ್ನೂ ಕೇಳಬಹುದು ಎಂದರು.

“ಬಿಸಾಡು ಅಂದಿದ್ದು ನಾನೇ ಅಮ್ಮ. ಅವನು ಬಿಸಾಡಿಲ್ಲ. ಟವೆಲಲ್ಲಿ ಸುತ್ಕೊಂಡು ಹೋಗಿದ್ದನ್ನ ಗೇಟಿನವನು ನೋಡಿದಾನೆ.”

ಟವೆಲು ಎಂದಾಗ ನನಗೆ ತಿಳಿಯಿತು. ಕಿಟಕಿ ತೋರಿಸಿದೆ.

ಸಾಹೇಬರು ಭೂತಗನ್ನಡಿ ಹಿಡಿದು ಗಾಜಿನ ಮೂಲೆಮೂಲೆ ನೋಡಿದರು. ಆಮೇಲೆ ಉಗುರು ಎಳೆದು ನೋಡಿದರು.

“ತೊಳೆದ್ರಾ?”

“ತೊಳೆದೆ.”

ಅವರು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬಂದ ದಾರಿ ಹಿಡಿದರು.

ಆ ಗ್ರಹಕ್ಕೆ ಈಗ ನಂಬರೂ ಆಗಿದೆ, ಹೆಸರೂ ಆಗಿದೆ. ಯಾರದೋ ಹೆಸರು. ನನ್ನದಲ್ಲ. ಅದರ ಪಾಡಿಗೆ ಅದು ಸುತ್ತುತ್ತಿದೆ.

ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ಗಾಜು ಒರೆಸುತ್ತೇನೆ. ನೀರು ಹಾಕುವುದಿಲ್ಲ, ಸೋಡಾ ಮುಟ್ಟುವುದಿಲ್ಲ. ಅದೇ ಟವೆಲು, ಒಣದು. ಜಿಡ್ಡು ಪೂರ್ತಿ ಹೋಗುವುದಿಲ್ಲ.