ಅಮ್ಮ ಬೋಣಿ ತಡೆದ ಬೆಳಗು

ಭಟ್ಕಳದ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಗ ನಾವು ಏಳೆಂಟು ಮಂದಿ ಸೇರಿ, ಶಾಲೆಯ ಮುಖ ಕಾಣದ ಮಕ್ಕಳನ್ನು ಹುಡುಕಿ ಶಾಲೆಗೆ ಸೇರಿಸಬೇಕೆಂದು ಹೊರಟೆವು. ಯಾರೂ ಹೇಳಿ ಕಳಿಸಿದ್ದಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹುಟ್ಟಿದ ಹುಮ್ಮಸ್ಸು ಅದು. ಇಂಥ ಹುಮ್ಮಸ್ಸು ಸಾಮಾನ್ಯವಾಗಿ ಚಹಾದ ಜೊತೆಗೇ ಆರಿಹೋಗುತ್ತದೆ. ನಮ್ಮದು ಹೇಗೋ ಆರಲಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಜಾಲಿಯ ಕಡಲಬದಿಯ ಕೇರಿಗಳಲ್ಲಿ ಮನೆಮನೆ ತಿರುಗಿದೆವು.

ಮುಟ್ಟಳ್ಳಿಯ ಮನೆಯಲ್ಲಿ ನನ್ನ ಅಮ್ಮನಿಗೆ ಇದು ದೊಡ್ಡ ತಮಾಷೆ. "ಉಂಡ ಬಟ್ಟಲು ತೊಳೂಕೆ ಬೇಜಾರು, ಊರು ಉದ್ಧಾರ ಮಾಡೂಕೆ ಹೊಂಟದೆ ನೋಡು" ಎಂದು ಪಕ್ಕದ ಮನೆಗೂ ಕೇಳುವಂತೆ ಹೇಳುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೊಡೆ ಕಿತ್ತುಕೊಂಡು ಹೊರಟುಬಿಡುತ್ತಿದ್ದೆ.

ಜಾಲಿಯಲ್ಲಿ ನನ್ನ ಪಾಲಿಗೆ ಸಿಕ್ಕವಳು ಏಳೆಂಟು ವರ್ಷದ ಹುಡುಗಿ. ನೋಡಿದರೆ, ಅವಳ ತಾಯಿ ನಮ್ಮ ಮನೆಗೆ ಮೀನು ತರುವ ಹೆಂಗಸೇ! ಮೀನಿನ ಬುಟ್ಟಿ ಇಲ್ಲದೆ ಅವಳನ್ನು ನಾನು ಕಂಡದ್ದು ಅದೇ ಮೊದಲು. ನಾವು ಎರಡು ಮಾತು ಹೇಳುವಷ್ಟರಲ್ಲಿ "ಆತು, ಕರ್ಕಂಡು ಹೋಗಿ" ಎಂದು ಒಪ್ಪಿದಳು. ಹುಡುಗಿ ಮರುದಿನವೇ ಶಾಲೆ ಸೇರಿದಳು. ನಾವು ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿ ಬೀಗಿದ್ದೇ ಬೀಗಿದ್ದು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ಒಬ್ಬೊಬ್ಬರು ಒಂದೊಂದು ಮಗುವಿನ ಮೇಲೆ ಕಣ್ಣಿಡಬೇಕೆಂದು ನಾವು ಹಂಚಿಕೊಂಡಿದ್ದೆವು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಶಾಲೆಗೆ ಹೋದರೆ ನನ್ನ ಹುಡುಗಿಯೇ ಇಲ್ಲ. "ಬೋಟು ಇಳ್ದ ಮೇಲೆ ಅದು ಬರೂದೇ ಇಲ್ಲ ಮಾರಾಯ್ತಿ" ಎಂದರು ಪಾಠ ಹೇಳುವ ಅಕ್ಕೋರು.

ಆಗ ತಲೆಗೆ ಹೊಳೆಯಿತು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನು ಮಾರುವ ತಾಯಂದಿರು ಮನೆಯಲ್ಲಿರುತ್ತಾರೆ, ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ದೊಡ್ಡ ಮಕ್ಕಳು ಶಾಲೆಗೆ ಹೋಗಬಹುದು. ಬೋಟು ಇಳಿದರೆ ತಾಯಿ ಬಂದರಕ್ಕೆ, ಸಣ್ಣದು ಅಕ್ಕನ ಸೊಂಟಕ್ಕೆ. ಕಡಲ ತಡಿಯಲ್ಲಿ ಹುಟ್ಟಿ ಬೆಳೆದವರು ನಾವು. ಮೀನು ಯಾವಾಗ ತುಟ್ಟಿ, ಯಾವಾಗ ಅಗ್ಗ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಇಷ್ಟು ಮಾತ್ರ ಹೊಳೆದಿರಲಿಲ್ಲ.

ಅಲ್ಲಿಂದ ನೇರ ಅವಳ ಮನೆಗೆ ನಡೆದೆ. ಹುಡುಗಿ ತಂಗಿಯನ್ನು ಸೊಂಟದ ಮೇಲೆ ಕುಳ್ಳಿರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಶಾಲೆಯಲ್ಲಿ ಕಲಿತ ಪದ್ಯವನ್ನು ಅದಕ್ಕೆ ಹೇಳಿಕೊಡುತ್ತಿದ್ದಳು. ಎರಡು ಸಾಲು ಹೇಳಿ ನಿಲ್ಲಿಸುವಳು, ಮತ್ತೆ ಮೊದಲಿನಿಂದ ಶುರು ಮಾಡುವಳು.

"ಮುಂದೆ?" ಎಂದೆ.

"ಮುಂದಿಂದು ಹೇಳ್ಕೊಡೂಕಿಂತ ಮೊದ್ಲೇ ನಾ ಶಾಲೆ ಬಿಟ್ಟೆ, ಅಕ್ಕ" ಎಂದಳು.

ನನಗೆ ಅಳು ಬಂತು. ಮನೆಗೆ ಬಂದು ಅಮ್ಮನ ಮೇಲೆ ಕೂಗಾಡಿದೆ. ನಾವು ತಾಜಾ ಬಂಗಡೆ ತಿನ್ನಬೇಕಾದರೆ ಆ ಮಗು ಮನೆಯಲ್ಲಿ ಕೂರಬೇಕಾ ಎಂದೆ. ಪಾಪ, ಅಮ್ಮನದೇನು ತಪ್ಪು! ಆದರೆ ಯಾವತ್ತೂ ಒಂದಕ್ಕೆ ಎರಡು ಮಾತಾಡುವವಳು ಅವತ್ತು ಆ ಹುಡುಗಿ ಯಾರ ಮಗಳೆಂದು ಮಾತ್ರ ಕೇಳಿದಳು.

ಅಮ್ಮನ ಕೈಗುಣ ಒಳ್ಳೆಯದೆಂದು ಮೀನಿನವಳ ನಂಬಿಕೆ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಅಮ್ಮನ ಕೈಯಿಂದಲೇ ಆಗಬೇಕು. ಅದಕ್ಕಾಗಿ ದಾರಿಯ ಬೇರೆ ಮನೆಗಳನ್ನೆಲ್ಲ ಬಿಟ್ಟು ಮೊದಲು ನಮ್ಮ ಅಂಗಳಕ್ಕೇ ಬರುತ್ತಿದ್ದಳು. ಮರುದಿನವೂ ಬಂದಳು, ಬುಟ್ಟಿ ಇಳಿಸಿದಳು. ಅಮ್ಮ ಬಾಗಿಲಿಂದ ಕದಲಲಿಲ್ಲ.

"ಇವತ್ತು ಬೋಣಿ ಇಲ್ಲ."

ಮೀನಿನವಳ ಮುಖ ಸಣ್ಣದಾಯಿತು. "ಎಂತ ಆತು ಅಮ್ಮ? ನಿಮ್ಮ ಕೈಲಿ ಬೋಣಿ ಆಗ್ದೆ ನಾ ಬುಟ್ಟಿ ಎತ್ತೂದು ಹೆಂಗೆ?"

"ನಿನ್ನ ಮಗ್ಳು ಶಾಲೆಗೆ ಹೋಗ್ತದೆ ಅಂದ್ರೆ ಕೊಡ್ತೆ."

ಅವಳಿಗೂ ಸಿಟ್ಟು ಬಂತು. "ಹೇಳೂದು ಸುಲಭ ಅಮ್ಮ! ಅದ್ರ ಅಪ್ಪ ಬೋಟಿನ ಮೇಲೆ. ಸಣ್ಣದನ್ನ ಎಂತ ಮಾಡೂದು? ಬಂಗಡೆ ಜೊತೆ ಬುಟ್ಟಿಲಿ ಹಾಕ್ಕಂಡು ಬರೂದಾ?"

ಅವಳು ಹೇಳಿದ್ದು ಸರಿಯೇ. ಅಮ್ಮ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು.

"ನಾಳೆಯಿಂದ ಅದನ್ನೂ ಕರ್ಕಂಡು ಬಾ. ಇಲ್ಲೇ ಬಿಟ್ಟು ಹೋಗು. ಎಲ್ಲ ಮನೆ ತಿರುಗಿ ಆದ್ಮೇಲೆ ಕರ್ಕಂಡು ಹೋಗು."

ಇಷ್ಟು ವರ್ಷ ಮೀನು ತಂದರೂ ಆ ಹೆಂಗಸು ಅಂಗಳ ದಾಟಿ ಬಂದವಳಲ್ಲ. ಯಾರೂ ಕರೆದಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. "ಒಳಗಾ?" ಎಂದಳು.

"ಒಳಗೇ. ಮತ್ತೆಲ್ಲಿ, ತೆಂಗಿನ ಮರದ ಮೇಲಾ?"

ಮೀನಿನವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಅಮ್ಮ ಬೋಣಿ ಮಾಡಿದಳು.

ಹೀಗೆ ನಮ್ಮ ಮನೆಗೆ ಒಂದು ಮಗು ಬಂತು. ಬೆಳಿಗ್ಗೆ ತಾಯಿಯ ಜೊತೆ ಟೆಂಪೋದಲ್ಲಿ ಬಂದಿಳಿಯುತ್ತಿತ್ತು. ಮೊದಲ ದಿನ ಊರು ಒಂದಾಗುವಂತೆ ಅತ್ತಿತು, ಎರಡನೇ ದಿನ ಅಮ್ಮನ ಹೊಸ ಚಾಪೆಯ ಮೇಲೆ ಉಚ್ಚೆ ಹೊಯ್ಯಿತು, ಆಮೇಲೆ ಅಮ್ಮನ ಸೆರಗು ಬಿಡುವುದೇ ಇಲ್ಲವೆಂದಿತು. "ನಿನ್ನ ಸಮಾಜಸೇವೆಯಿಂದ ನಂಗೆ ಈ ವಯಸ್ಸಲ್ಲಿ ಬಾಣಂತನ" ಎಂದು ಬೈಯುತ್ತಲೇ ಅಮ್ಮ ಅದಕ್ಕೆ ಗಂಜಿ ಉಣಿಸುತ್ತಿದ್ದಳು. ಕಾಲೇಜಿನ ಬಸ್ಸು ಬರುವವರೆಗೆ ಅದನ್ನು ಎತ್ತಿಕೊಂಡು ತಿರುಗುವುದು ನನ್ನ ಕೆಲಸ. ನಮ್ಮ ಗುಂಪಿನವರೂ ತಮ್ಮ ತಮ್ಮ ಮಕ್ಕಳಿಗೆ ಬೇರೆ ಬೇರೆ ದಾರಿ ಹುಡುಕಿದರು. ಒಬ್ಬನಂತೂ ದೂರದ ಹಿರೇಗುತ್ತಿ ಊರಿಗೆ ಹೋಗಿ ಮಗುವಿನ ಅಜ್ಜಿಯನ್ನೇ ಒಪ್ಪಿಸಿ ಕರೆತಂದ. ಎಲ್ಲವೂ ಕೈಗೂಡಿತು ಎನ್ನಲಾರೆ. ಆದರೂ ಮುಂದಿನ ವರ್ಷದಿಂದ ಜೂನಿನಲ್ಲಿ ಒಮ್ಮೆ, ಬೋಟು ಇಳಿದ ಮೇಲೆ ಇನ್ನೊಮ್ಮೆ ಕೇರಿ ತಿರುಗುವುದನ್ನು ರೂಢಿ ಮಾಡಿಕೊಂಡೆವು.

ನನ್ನ ಹುಡುಗಿ ಮತ್ತೆ ಶಾಲೆಗೆ ಬಂದಳು. ಬಂದಳು ಅಷ್ಟೆ, ಮನಸ್ಸೆಲ್ಲ ತಂಗಿಯ ಹತ್ತಿರ. ಮಧ್ಯಾಹ್ನ ನನ್ನನ್ನು ಕಂಡರೆ ಉಣ್ಣುವುದನ್ನೂ ಬಿಟ್ಟು ಓಡಿ ಬರುತ್ತಿದ್ದಳು. "ಅಕ್ಕ, ತಂಗಿ ಕೂಗ್ತಾ? ಉಂಡ್ತಾ? ನನ್ನ ಕೇಳ್ತಾ?" ಎಲ್ಲಕ್ಕೂ ಉತ್ತರ ಸಿಗುವವರೆಗೆ ನನ್ನ ಕೈ ಬಿಡುತ್ತಿರಲಿಲ್ಲ. ಅಷ್ಟು ಸಣ್ಣ ಹುಡುಗಿಗೆ ತಾಯಿಯ ಚಿಂತೆ ಅಂಟಿಕೊಂಡಿತ್ತು. ಅದನ್ನು ಬಿಡಿಸುವುದು ನಮ್ಮ ಯಾರ ಕೈಯಲ್ಲೂ ಇರಲಿಲ್ಲ.

ನವರಾತ್ರಿಯ ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಅಂಗಳದಲ್ಲಿ ಕುಂಟಾಟ ನಡೆದಿತ್ತು. ಅವಳು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಳು. ನನ್ನನ್ನು ಕಂಡು ಕೈ ಬೀಸಿದಳು. ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡು ಗೇಟಿನ ಹತ್ತಿರ ಕಾದೆ. ಅವಳು ಬರಲಿಲ್ಲ. ಗಂಟೆ ಹೊಡೆಯಿತು, ಗೆಳತಿಯರ ಜೊತೆ ನಗುತ್ತ ಕ್ಲಾಸಿನೊಳಗೆ ಓಡಿಹೋದಳು. ತಂಗಿಯನ್ನು ಕೇಳುವುದು ಅವಳಿಗೆ ಮರೆತೇಹೋಗಿತ್ತು.