ಮೋರಿಯ ಚಪ್ಪಡಿ ಮತ್ತು ಒಂದು ಸಹಿ

ಟೈಲರ್ ಅಕ್ಕ ತಾನಾಯಿತು, ತನ್ನ ಹೊಲಿಗೆಯಾಯಿತು ಎಂಬಂತೆ ಇದ್ದವಳು. ವಾರ್ಡಿನ ಹಣ ಯಾವುದಕ್ಕೆ ಖರ್ಚಾಗಬೇಕೆಂದು ಜನರೇ ಹೇಳಬಹುದು ಎಂಬ ಸುತ್ತೋಲೆ ಬಂದಾಗ ಮಾತ್ರ, ಕೈಲಿದ್ದ ಬಟ್ಟೆ ಬದಿಗಿಟ್ಟು ಹದಿನೆಂಟು ದಿನ ಮನೆಮನೆ ಹತ್ತಿಳಿದಳು. ಅದೇ ಗಲ್ಲಿಯ ಕ್ಷೌರಿಕನ ತಾಯಿ ತೆರೆದ ಮೋರಿಗೆ ಬಿದ್ದು ಸೊಂಟ ಮುರಿದುಕೊಂಡಿದ್ದು ಎಲ್ಲರಿಗೂ ನೆನಪಿತ್ತು. ಮೋರಿಗೆ ಚಪ್ಪಡಿ ಹಾಕಿಸಬೇಕೆಂದು ಇಡೀ ಗಲ್ಲಿ ಕೈಯೆತ್ತಿತು. ಖರ್ಚು ಪರಿಶೀಲಿಸುವ ಸಮಿತಿಗೂ ಅವಳನ್ನೇ ಆರಿಸಿದರು.

ವರ್ಷ ಕಳೆದರೂ ಒಂದು ಚಪ್ಪಡಿಯೂ ಬರಲಿಲ್ಲ. ಪರಿಶೀಲನಾ ಸಭೆಯಲ್ಲಿ ಎಂಜಿನಿಯರ್ "ಕೆಲಸ ಪೂರ್ಣಗೊಂಡಿದೆ" ಎಂದು ಓದಿದಾಗ ಅವಳು ಎದ್ದು ನಿಂತಳು.

"ಎಲ್ಲಿ ಸಾರ್? ಬನ್ನಿ, ಮೋರಿ ತೋರಿಸ್ತೀನಿ."

ಆತ ಫೈಲನ್ನು ಅವಳತ್ತ ತಿರುಗಿಸಿದ. "ಮುಗಿದಿದೆ ಅಂತ ನೀವೇ ಸೈನ್ ಹಾಕಿದ್ದೀರಲ್ಲಮ್ಮಾ?"

ಸಹಿ ಅವಳದೇ. ಹಿಂದಿನ ಸಭೆಯಲ್ಲಿ ಹಾಜರಿಗೆಂದು ಹಾಕಿಸಿಕೊಂಡ ಹಾಳೆಯನ್ನು ಈ ವರದಿಗೆ ಲಗತ್ತಿಸಿದ್ದರು. ಸಮಿತಿಯ ಉಳಿದವರು ತಲೆ ತಗ್ಗಿಸಿದರು. ಅವರ ಸಹಿಗಳೂ ಅಲ್ಲೇ ಇದ್ದವು.

ಅವಳು ಮೂರು ಕಚೇರಿಗಳಿಗೆ ದೂರು ಕೊಟ್ಟಳು. ಮೂರು ಕಡೆಯಿಂದಲೂ ಅದೇ ಹಾಳೆಯ ನಕಲು ಬಂತು. "ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋದು?" ಎಂದು ನೆರೆಯವರು ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು. ಹೊಲಿಯಲು ಬಟ್ಟೆ ತರುವವರು ಕಡಿಮೆಯಾದರು.

ಒಂದು ದಿನ ಊಟಕ್ಕೆ ಕೂತಾಗ ಗಂಡ ತಟ್ಟೆಯನ್ನೇ ನೋಡುತ್ತಾ ಕೇಳಿದ: "ನಾನು ಯಾರಿಗೂ ಹೇಳಲ್ಲ. ನಿಜ ಹೇಳು, ಅವರು ನಿನಗೆ ಏನಾದ್ರೂ ಕೊಟ್ಟಿದ್ರಾ?"

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನುಷ್ಯ. ಅವಳು ಕೈಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದಳು.

ಮರುವರ್ಷ ಸಭೆಗೆ ಕರೆಯಲು ಬಂದವರು ಬಾಗಿಲು ಬಡಿದು ಬಡಿದು ಹೋದರು. ಅವಳು ಒಳಗೇ ಇದ್ದಳು.